ಚಿಪ್ಪೆಂಡೇಲನ ಕುರ್ಚಿ

ಕುಳಿತುಕೊಳ್ಳುವ ವಿಷಯದಲ್ಲಿ ಕನ್ನಡಕ್ಕೆ ಮಾತಿನ ಬಡತನವೇನೂ ಇಲ್ಲ. ಮಣೆಯಿದೆ, ಚಾಪೆಯಿದೆ, ಜಗಲಿಯಿದೆ. ಗುರುಗಳಿಗೆ ಪೀಠವಿದೆ, ಅರಸರಿಗೆ ಸಿಂಹಾಸನವಿದೆ. ಆದರೆ ನಾಲ್ಕು ಕಾಲೂ ಒಂದು ಬೆನ್ನೂ ಇದ್ದು, ಬಂದವರೆಲ್ಲ ಕೂರಬಹುದಾದ ವಸ್ತುವಿಗೆ ಮಾತ್ರ ನಾವು ಪರರ ಮನೆಯ ಬಾಗಿಲು ತಟ್ಟಿದೆವು. 'ಕುರ್ಚಿ' ಅರಬ್ಬೀ ಮೂಲದ್ದು. ಪಾರಸಿ, ಹಿಂದೂಸ್ತಾನಿಗಳ ಹಾದಿ ಹಿಡಿದು ಇಲ್ಲಿಗೆ ಬಂತು. 'ಅಲಮಾರು' ಪೋರ್ಚುಗೀಸರದು, ಅದರ 'ಚಾವಿ'ಯೂ ಅವರದೇ. 'ಬೀರು' ಎಂಬುದು 'ಬ್ಯೂರೋ' ಎಂಬ ಫ್ರೆಂಚ್ ಮಾತಿನ ಕೂಸು. ಅಲ್ಲಿ ಅದು ಬರೆಯುವ ಮೇಜು; ನಮ್ಮಲ್ಲಿ ಸೀರೆ, ಒಡವೆ, ಮನೆಪತ್ರಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಕಬ್ಬಿಣದ ಕಪಾಟು. ಅನ್ಯದೇಶ್ಯ ಪದಗಳ ಪಾಠ ಬಂದಾಗ ನಾನು ವಿದ್ಯಾರ್ಥಿಗಳಿಗೆ ನಿಘಂಟನ್ನು ತೆಗೆಯಲು ಹೇಳುವುದಿಲ್ಲ. ತಮ್ಮ ಮನೆಯ ನಡುಮನೆಯನ್ನೊಮ್ಮೆ ನೆನೆಸಿಕೊಳ್ಳಿ ಎನ್ನುತ್ತೇನೆ.

ಇದಕ್ಕಾಗಿ ನಾವು ಕುಗ್ಗಬೇಕಾದ್ದಿಲ್ಲ. ಇಂಗ್ಲಿಷರೇ ಕುರ್ಚಿಯ ಮೇಲೆ ಕೂರಲು ಕಲಿತದ್ದು ಬಹಳ ಹಿಂದಿನ ಮಾತಲ್ಲ. ಹದಿನಾರನೆಯ ಶತಮಾನದಲ್ಲಿ ಅಲ್ಲಿನ ಸಾಧಾರಣ ಮನೆಯಲ್ಲಿ ಕುರ್ಚಿ ಇದ್ದರೆ ಒಂದೋ ಎರಡೋ. ಅದು ಯಜಮಾನನದು. ಮಿಕ್ಕವರು ಬೆಂಚು, ಸ್ಟೂಲು, ಪೆಟ್ಟಿಗೆಗಳ ಮೇಲೆ ಕೂರುತ್ತಿದ್ದರು. ಸಭೆಯ ಅಧ್ಯಕ್ಷನಿಗೆ ಇಂಗ್ಲಿಷಿನಲ್ಲಿ 'ಚೇರ್ಮನ್' ಎಂದು ಹೆಸರು ಬಂದದ್ದು ಕುರ್ಚಿಯ ಈ ದರ್ಪದಿಂದಲೇ. ಓಕ್ ಮರದ ಆ ಕುರ್ಚಿಗೆ ಗೋಡೆಯಂತೆ ನೆಟ್ಟಗಿನ ಬೆನ್ನು. ಕೂತವನಿಗೆ ಗೌರವ ಸಿಗುತ್ತಿತ್ತೇ ಹೊರತು ಸುಖ ಸಿಗುತ್ತಿರಲಿಲ್ಲ.

ಸುಖ ಬಂದದ್ದು ಹೊರಗಿನಿಂದ. ೧೬೬೦ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ಪರದೇಶವಾಸ ಮುಗಿಸಿ ಸಿಂಹಾಸನಕ್ಕೆ ಮರಳಿದಾಗ ಯೂರೋಪಿನ ಅಭಿರುಚಿಯೂ ಅವನ ಜೊತೆಯಲ್ಲೇ ಬಂತು. ಓಕನ್ನು ಅಕ್ರೋಟಿನ ಮರ ಹಿಂದಕ್ಕೆ ತಳ್ಳಿತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಪೂರ್ವದಿಂದ ಬೆತ್ತ ತಂದವು. ಹಲಗೆಯಿದ್ದ ಕಡೆ ಬೆತ್ತದ ಹೆಣಿಗೆ ಬಂತು. ಆನ್ ರಾಣಿಯ ಕಾಲಕ್ಕೆ, ಎಂದರೆ ೧೭೦೨ರಿಂದ ೧೭೧೪ರ ನಡುವೆ, ಕುರ್ಚಿಯ ಮೈ ಮೆತ್ತಗೆ ಬಾಗತೊಡಗಿತು. ಬೆನ್ನಿನ ನಡುವಣ ಪಟ್ಟಿ ಮನುಷ್ಯನ ಬೆನ್ನುಮೂಳೆಯ ಬಾಗನ್ನು ಅನುಸರಿಸಿತು. ಕಾಲು ಮಂಡಿಯ ಬಳಿ ಹೊರಕ್ಕುಬ್ಬಿ, ಕಣಕಾಲಿನ ಬಳಿ ಒಳಕ್ಕೆ ಸರಿದು, ಪಾದದ ಬಳಿ ಮತ್ತೆ ಹೊರಕ್ಕೆ ಬಂತು. ಇಂಗ್ಲಿಷ್ ಕುರ್ಚಿಗೆ ಜೀವ ಬಂದದ್ದು ಈ ಬಾಗುಗಾಲಿನಿಂದ ಎಂದೇ ನನ್ನ ಎಣಿಕೆ. ಚಿತ್ರಕಾರ ಹೋಗಾರ್ಥ್ ೧೭೫೩ರಲ್ಲಿ ಸೌಂದರ್ಯವನ್ನು ಕುರಿತು ಬರೆದ ಗ್ರಂಥದಲ್ಲಿ, ಹಾವಿನಂತೆ ಬಳುಕುವ ರೇಖೆಯೇ ಚೆಲುವಿನ ಮೂಲವೆಂದು ವಾದಿಸಿದ. ಉದಾಹರಣೆಗೆಂದು ಅವನು ಕೊಟ್ಟ ಚಿತ್ರಗಳಲ್ಲಿ ಕುರ್ಚಿಯ ಕಾಲುಗಳೂ ಇವೆ. ನಮ್ಮ ಆಲಂಕಾರಿಕರು ಅಷ್ಟು ಗ್ರಂಥ ಬರೆದರೂ ಮಣೆಯ ಕಾಲಿನ ತನಕ ಇಳಿಯಲಿಲ್ಲವಲ್ಲ ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಅಕ್ರೋಟಿನ ಕಾಲ ಬಹಳ ದಿನ ನಡೆಯಲಿಲ್ಲ. ೧೭೦೯ರ ಚಳಿಗಾಲ ಯೂರೋಪಿನಲ್ಲಿ ಅತಿ ಘೋರವಾದದ್ದು. ಫ್ರಾನ್ಸಿನ ಅಕ್ರೋಟಿನ ಮರಗಳು ಸಾಲುಸಾಲಾಗಿ ಸತ್ತವು. ೧೭೨೦ರಲ್ಲಿ ಫ್ರಾನ್ಸ್ ಆ ಮರದ ರಫ್ತನ್ನೇ ನಿಲ್ಲಿಸಿತು. ಮರು ವರ್ಷ ಬ್ರಿಟಿಷ್ ಪಾರ್ಲಿಮೆಂಟು ತನ್ನ ನೌಕಾಬಲದ ಹಿತವನ್ನು ನೋಡಿಕೊಂಡು, ಅಮೆರಿಕದ ಕಡೆಯ ತನ್ನ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕವನ್ನು ತೆಗೆದುಹಾಕಿತು. ಕಾನೂನು ಮಾಡಿದವರ ಕಣ್ಣೆದುರು ಇದ್ದದ್ದು ಹಡಗು. ಒಳಗೆ ಬಂದದ್ದು ಮಹಾಗನಿ. ಜಮೈಕಾದಿಂದ ಸಕ್ಕರೆ ಹೊತ್ತು ಬರುವ ಹಡಗುಗಳೇ ಮಹಾಗನಿಯ ದಿಮ್ಮಿಗಳನ್ನೂ ತಂದವು.

ಬಡಗಿಗೆ ಇಂಥ ಮರ ಸಿಕ್ಕುವುದು ಕವಿಗೆ ಹೊಸ ಛಂದಸ್ಸು ಸಿಕ್ಕಿದ ಹಾಗೆ. ಮಹಾಗನಿಯ ಬೊಡ್ಡೆ ಭಾರಿ ದಪ್ಪ. ಊಟದ ಮೇಜಿಗೆ ಬೇಕಾದ ಅಗಲದ ಹಲಗೆ ಒಂದೇ ತುಂಡಿನಲ್ಲಿ ಸಿಕ್ಕುತ್ತದೆ. ಹುಳು ಸುಲಭವಾಗಿ ಹತ್ತುವುದಿಲ್ಲ, ಹವೆಗೆ ಸೊಟ್ಟಗಾಗುವುದು ಕಡಮೆ. ಉಳಿ ತಾಗಿಸಿದರೆ ಅಂಚು ಒಡೆಯದೆ, ಬೆಣ್ಣೆಯಲ್ಲಿ ಗೆರೆ ಎಳೆದಂತೆ ಕೆತ್ತನೆ ಮೂಡುತ್ತದೆ. ಇಷ್ಟರ ಮೇಲೆ ಆ ಬಣ್ಣ. ವರ್ಷ ಕಳೆದಂತೆಲ್ಲ ಕೈ ತಾಗಿ, ಬಟ್ಟೆ ತಾಗಿ, ಮೇಣ ತಾಗಿ, ಕಾಯಿಸಿದ ಬೆಲ್ಲದ ಪಾಕದಂಥ ಆಳವಾದ ಕೆಂಪು ಅದರಲ್ಲಿ ಏಳುತ್ತದೆ. ಕುರ್ಚಿಯ ಬೆನ್ನುಪಟ್ಟಿಯನ್ನು ಕಸೂತಿಯಂತೆ ಕೊರೆದರೂ ಅದು ಮನುಷ್ಯನ ಭಾರವನ್ನು ತಾಳಿಕೊಂಡಿತು. ೧೭೧೪ರಿಂದ ೧೮೩೦ರವರೆಗೆ ಒಬ್ಬರ ಹಿಂದೊಬ್ಬರಂತೆ ನಾಲ್ವರು ಜಾರ್ಜ್ ದೊರೆಗಳು ಆಳಿದ ಆ ಕಾಲವನ್ನು 'ಜಾರ್ಜಿಯನ್' ಎಂದು ಕರೆಯುವುದು ವಾಡಿಕೆ. ನನ್ನನ್ನು ಕೇಳಿದರೆ, ಜಾರ್ಜರನ್ನು ಬಿಟ್ಟು ಮಹಾಗನಿಯ ಹೆಸರನ್ನೇ ಇಡಬಹುದಾಗಿತ್ತು.

ಈ ಕಾಲದ ಬಡಗಿಗಳಲ್ಲಿ ಜಗತ್ತು ನೆನಪಿಟ್ಟುಕೊಂಡ ಹೆಸರು ಥಾಮಸ್ ಚಿಪ್ಪೆಂಡೇಲನದು. ೧೭೧೮ರಲ್ಲಿ ಯಾರ್ಕ್‌ಷೈರಿನ ಆಟ್ಲಿ ಎಂಬ ಊರಿನಲ್ಲಿ ಬಡಗಿಯ ಮಗನಾಗಿ ಹುಟ್ಟಿದ. ಅವನದೊಂದು ಚಿತ್ರಪಟವೂ ನಮಗೆ ಉಳಿದಿಲ್ಲ. ೧೭೪೮ರಲ್ಲಿ ಲಂಡನ್ನಿನಲ್ಲಿ ಮದುವೆಯಾದ. ಐದಾರು ವರ್ಷಗಳಲ್ಲಿ ಸೇಂಟ್ ಮಾರ್ಟಿನ್ಸ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ಹೂಡಿದ. ಕಲಾವಿದರೂ ಕುಶಲಕರ್ಮಿಗಳೂ ನೆರೆದಿದ್ದ ಬೀದಿ ಅದು. ಹೋಗಾರ್ಥ್ ನಡೆಸುತ್ತಿದ್ದ ಕಲಾಶಾಲೆಯೂ ಅಲ್ಲೇ ಇತ್ತು. ಅಂಗಡಿಯ ಹೊರಗೆ ತೂಗುಹಾಕಿದ್ದ ಗುರುತು ಒಂದು ಕುರ್ಚಿ.

೧೭೫೪ರಲ್ಲಿ ಅವನೊಂದು ಪುಸ್ತಕ ತಂದ. 'ದಿ ಜೆಂಟಲ್‌ಮನ್ ಅಂಡ್ ಕ್ಯಾಬಿನೆಟ್ ಮೇಕರ್ಸ್ ಡೈರೆಕ್ಟರ್' ಎಂದು ಅದರ ಹೆಸರು. ಒಳಗೆ ೧೬೦ ಫಲಕಗಳ ತುಂಬ ಪೀಠೋಪಕರಣಗಳ ಚಿತ್ರ. ಅಷ್ಟು ದೊಡ್ಡದಾದ, ಅಷ್ಟು ಸರ್ವಾಂಗೀಣವಾದ ಮಾದರಿ ಪುಸ್ತಕವನ್ನು ಅದುವರೆಗೆ ಯಾವ ಇಂಗ್ಲಿಷ್ ಬಡಗಿಯೂ ತಂದಿರಲಿಲ್ಲ. ಅದಕ್ಕೆ ಮುಂಗಡ ಚಂದಾ ಕೊಟ್ಟವರ ಪಟ್ಟಿಯಲ್ಲಿ ಡ್ಯೂಕುಗಳೂ ಇದ್ದರು, ಬಡಗಿಗಳೂ ಇದ್ದರು. ಮರು ವರ್ಷವೇ ಎರಡನೆಯ ಮುದ್ರಣ. ೧೭೬೨ರ ಮೂರನೆಯದರಲ್ಲಿ ಫಲಕಗಳು ೨೦೦. ಈ ಚಿತ್ರಗಳಲ್ಲಿ ಕೆಲವನ್ನು ಮರದಲ್ಲಿ ಮಾಡಲು ಸಾಧ್ಯವೇ ಇಲ್ಲವೆಂದು ಕಸುಬಿನವರು ಕೆಲವರು ಆಡಿಕೊಂಡಿರಬೇಕು. ಎಲ್ಲವನ್ನೂ ಮಾಡಿ ತೋರಿಸಬಲ್ಲೆನೆಂದು ಮುನ್ನುಡಿಯಲ್ಲಿಯೇ ಅವನು ಉತ್ತರ ಹೇಳಿಕೊಂಡಿದ್ದಾನೆ. ಸಾಹಿತ್ಯದಲ್ಲಿಯಂತೆ ಬಡಗಿತನದಲ್ಲಿಯೂ ಮುನ್ನುಡಿಗಳು ಇರುವುದು ಇದಕ್ಕೇ ಎಂದು ಕಾಣುತ್ತದೆ.

ಆ ಪುಸ್ತಕದಲ್ಲಿ ಮೂರು ಬಗೆಯ ಅಭಿರುಚಿ ಕೂಡಿಕೊಂಡಿವೆ. ಫ್ರಾನ್ಸಿನಿಂದ ಬಂದ, ಎಲೆ ಬಳ್ಳಿ ಚಿಪ್ಪುಗಳ ಸುಳಿಗಳಿಂದ ಕೂಡಿದ ರೊಕೊಕೊ ಒಂದು. ಇಂಗ್ಲೆಂಡಿನ ಹಳೆಯ ಇಗರ್ಜಿಗಳ ಮೊನಚು ಕಮಾನುಗಳನ್ನು ಕುರ್ಚಿಯ ಬೆನ್ನಿಗೆ ತಂದ ಗಾಥಿಕ್ ಇನ್ನೊಂದು. ಮೂರನೆಯದು ಚೀನೀ: ಬೊಂಬಿನ ಜಾಲರಿಯಂಥ ಪಟ್ಟಿಗಳು, ಪಗೋಡದ ಚಾವಣಿ ಹೊತ್ತ ಕಪಾಟುಗಳು. ಚೀನಾವನ್ನು ಕಾಣದವರು ಚೀನಾ ಹೀಗಿರಬಹುದೆಂದು ಕಂಡ ಕನಸು ಅದು. ಚಹಾ ಆಗ ಲಂಡನ್ನಿನ ಹೊಸ ಹುಚ್ಚು. ಚಹಾ ಕುಡಿಯಲು ಮೂರು ಕಾಲಿನ ಪುಟ್ಟ ದುಂಡುಮೇಜು ಹುಟ್ಟಿತು. ಚಹಾಪುಡಿ ಇಡಲು ಬೀಗವಿರುವ ಪುಟ್ಟ ಪೆಟ್ಟಿಗೆ ಹುಟ್ಟಿತು. 'ಕ್ಯಾಡಿ' ಎಂಬ ಅದರ ಹೆಸರು ಮಲಯ ದೇಶದ ತೂಕದ ಅಳತೆಯಾದ 'ಕಾತಿ'ಯಿಂದ ಬಂದದ್ದು. ಬೀಗವೇಕೆಂದರೆ ಸುಂಕದ ದೆಸೆಯಿಂದ ಚಹಾ ಅಷ್ಟು ದುಬಾರಿ. ೧೭೮೪ರಲ್ಲಿ ಸುಂಕ ಇಳಿಸುವವರೆಗೆ ಅದರ ಕೀಲಿಕೈ ಅಡಿಗೆಯವಳ ಬಳಿ ಅಲ್ಲ, ಮನೆಯೊಡತಿಯ ಸೊಂಟದಲ್ಲಿ ಇರುತ್ತಿತ್ತು.

ಪುಸ್ತಕ ಕೀರ್ತಿ ತಂದಿತು, ಆದರೆ ನೆಮ್ಮದಿ ತರಲಿಲ್ಲ. ೧೭೫೫ರಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದು ಇಪ್ಪತ್ತೆರಡು ಮಂದಿ ಕೆಲಸಗಾರರ ಹತಾರದ ಪೆಟ್ಟಿಗೆಗಳು ಸುಟ್ಟುಹೋದವು. ಹತಾರ ಹೋದ ಬಡಗಿಯ ಪಾಡು ಏನೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ೧೭೬೬ರಲ್ಲಿ ಬಂಡವಾಳ ಹೂಡಿದ್ದ ಪಾಲುದಾರ ತೀರಿಕೊಂಡ. ದಾಸ್ತಾನನ್ನು ಹರಾಜು ಹಾಕಬೇಕಾಯಿತು. ದೊಡ್ಡಮನುಷ್ಯರು ಸಾಮಾನನ್ನು ಅವಸರ ಮಾಡಿ ತರಿಸಿಕೊಳ್ಳುವರು, ಹಣವನ್ನು ವರ್ಷಗಟ್ಟಲೆ ಕೊಡರು. ನಾಸ್ಟೆಲ್ ಎಂಬ ಬಂಗಲೆಯ ಒಡೆಯನಾದ ಸರ್ ರೋಲೆಂಡ್ ವಿನ್ನನಿಗೂ ಇವನಿಗೂ ನಡೆದ ಪತ್ರವ್ಯವಹಾರ ಉಳಿದುಬಂದಿದೆ: ಅತ್ತಲಿಂದ ತಡವಾಯಿತೆಂಬ ಬೈಗುಳ, ಇತ್ತಲಿಂದ ಹಣಕ್ಕಾಗಿ ಅಂಗಲಾಚುವಿಕೆ. ಆ ಮನೆಗೆ ೧೭೬೭ರಲ್ಲಿ ಅವನು ಮಾಡಿಕೊಟ್ಟ ಗ್ರಂಥಾಲಯದ ಮೇಜಿಗೆ ಬಿಲ್ಲು ೭೨ ಪೌಂಡು ೧೦ ಷಿಲಿಂಗು. ಆ ಮೇಜು ಇಂದಿಗೂ ಅಲ್ಲಿದೆ. ೧೭೭೯ರಲ್ಲಿ ಕ್ಷಯರೋಗದಿಂದ ಚಿಪ್ಪೆಂಡೇಲ್ ಸತ್ತ. ಅದೇ ಹೆಸರಿನ ಮಗ ಕಸುಬನ್ನು ಮುಂದುವರಿಸಿ, ೧೮೦೪ರಲ್ಲಿ ದಿವಾಳಿಯಾದ.

ಉಳಿದಿಬ್ಬರ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಗುರಾಣಿಯ ಆಕಾರದ ಬೆನ್ನಿನ ಕುರ್ಚಿಗೆ ಹೆಸರಾದ ಹೆಪಲ್‌ವೈಟನ ಪುಸ್ತಕ ಬಂದದ್ದು ಅವನು ಸತ್ತ ಎರಡು ವರ್ಷದ ಮೇಲೆ, ೧೭೮೮ರಲ್ಲಿ. ತಂದವಳು ಅವನ ವಿಧವೆ. ಇದು ಅವನ ಕೈಯದೇ ಎಂದು ಖಚಿತವಾಗಿ ಹೇಳಬಹುದಾದ ಒಂದು ಸ್ಟೂಲೂ ಇಲ್ಲ. ನೇರವಾದ ತೆಳುಗಾಲುಗಳ ಷೆರಟನ್ ಪುಸ್ತಕಗಳನ್ನು ಬರೆದ, ಧರ್ಮೋಪದೇಶ ಮಾಡಿದ, ಬಡತನದಲ್ಲಿ ೧೮೦೬ರಲ್ಲಿ ಸತ್ತ. ಮುಂದೆ ಹೆಸರಾಂತ ಪ್ರಕಾಶಕನಾದ ಆಡಂ ಬ್ಲ್ಯಾಕ್ ಎಳೆಯ ವಯಸ್ಸಿನಲ್ಲಿ ಅವನ ಮನೆಗೆ ಹೋಗಿದ್ದಾಗ, ಚಹಾ ಕೊಡಲು ಮನೆಯಲ್ಲಿ ಬಟ್ಟಲುಗಳೇ ಸಾಲದಿದ್ದುದನ್ನು ನೆನೆದಿದ್ದಾನೆ. ಶ್ರೀಮಂತರ ಚಹಾಮೇಜುಗಳಿಗೆ ರೂಪ ಕೊಟ್ಟವನ ಮನೆ ಅದು.

ಚಿಪ್ಪೆಂಡೇಲನು ತನ್ನ ಸಾಮಾನುಗಳ ಮೇಲೆ ಹೆಸರು ಹಾಕಲಿಲ್ಲ. ಇದು ಅವನದೆಂದು ಹೇಳಬೇಕಾದರೆ ಆ ಮನೆಯ ಹಳೆಯ ಬಿಲ್ಲು ಸಿಕ್ಕಬೇಕು. ಬಿಲ್ಲು ಇಲ್ಲದವುಗಳ ಸಂಖ್ಯೆಯೇ ಹೆಚ್ಚು. ಅವನ ಪುಸ್ತಕವನ್ನು ಎದುರಿಗಿಟ್ಟುಕೊಂಡು ಡಬ್ಲಿನ್ನಿನಲ್ಲಿ, ಫಿಲಡೆಲ್ಫಿಯಾದಲ್ಲಿ, ಇಂಗ್ಲೆಂಡಿನ ಸಣ್ಣಪುಟ್ಟ ಊರುಗಳಲ್ಲಿ ಎಷ್ಟೋ ಮಂದಿ ಕೆಲಸ ಮಾಡಿದರು. ಅವರ ಕೈಕೆಲಸವೆಲ್ಲ ಇವನ ಹೆಸರಿನ ಲೆಕ್ಕಕ್ಕೆ ಜಮಾ ಆಯಿತು. ನಮ್ಮಲ್ಲಿ ಯಾವ ಗುಡಿಯಲ್ಲಿ ಒಳ್ಳೆಯ ಕೆತ್ತನೆ ಕಂಡರೂ ಜಕಣಾಚಾರಿ ಎಂದುಬಿಡುವ ಹಾಗೆ. ಆದರೆ ಇಲ್ಲಿ ನಮಗೆ ಒಂದು ಭಾಗ್ಯವಿದೆ. ಹೊಯ್ಸಳರ ಶಿಲ್ಪಿಗಳು ವಿಗ್ರಹದ ಪಾದಪೀಠದಲ್ಲಿ ತಮ್ಮ ಹೆಸರನ್ನು ಕೊರೆದು ಹೋದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನಿದ್ದಾನೆ, ಅವನ ಮಗ ಚಾವಣನಿದ್ದಾನೆ, ಸೋಮನಾಥಪುರದಲ್ಲಿ ಮಲ್ಲಿತಮ್ಮನಿದ್ದಾನೆ. ಕಲ್ಲಿನ ಮೇಲೆ ಹೆಸರಿದ್ದರೂ ನಾವು ಓದಲಿಲ್ಲ, ಐತಿಹ್ಯದ ಹೆಸರನ್ನೇ ಹಿಡಿದುಕೊಂಡೆವು. ಇಂಗ್ಲಿಷರಿಗೆ ಓದಲು ಹೆಸರೇ ಇರಲಿಲ್ಲ.

ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. 'ಚಿಪ್ಪೆಂಡೇಲ್ ಕುರ್ಚಿ' ಎಂದರೆ ಇಂದು ಲೋಕಕ್ಕೆ ನೆನಪಾಗುವುದು ಬಾಗುಗಾಲಿನ ತುದಿಯಲ್ಲಿ ಗುಂಡನ್ನು ಹಿಡಿದ ಪಂಜ. ಚೀನೀಯರ ಡ್ರಾಗನ್ನು ಮುತ್ತನ್ನು ಹಿಡಿದಿರುವುದರಿಂದ ಅದು ಬಂದಿರಬಹುದೆಂದು ಬಲ್ಲವರ ಊಹೆ. ಆ ಪಂಜ ಅವನ ಪುಸ್ತಕದ ಯಾವ ಫಲಕದಲ್ಲಿಯೂ ಇಲ್ಲ! ಪುಸ್ತಕ ಬರುವ ಹೊತ್ತಿಗೆ ಅದು ಲಂಡನ್ನಿನಲ್ಲಿ ಹಳೆಯ ಮಾತಾಗಿತ್ತು.

ಹೆಸರಿಗೆ ಬೆಲೆ ಏರಿದ್ದು ಅವನು ಸತ್ತ ಬಹಳ ಕಾಲದ ಮೇಲೆ. ೨೦೦೭ರಲ್ಲಿ ಸ್ಕಾಟ್ಲೆಂಡಿನ ಡಂಫ್ರೀಸ್ ಹೌಸ್ ಎಂಬ ಬಂಗಲೆಯ ಸಾಮಾನುಗಳು ಹರಾಜಿಗೆಂದು ಲಾರಿಯೇರಿ ಲಂಡನ್ನಿನ ದಾರಿ ಹಿಡಿದಿದ್ದವು. ಆಗ ಯುವರಾಜರಾಗಿದ್ದ ಚಾರ್ಲ್ಸ್ ಅವರ ಮುಂದಾಳುತನದಲ್ಲಿ ೪೫ ದಶಲಕ್ಷ ಪೌಂಡು ಕೂಡಿ, ಲಾರಿಗಳನ್ನು ಅರ್ಧ ದಾರಿಯಿಂದ ಹಿಂದಿರುಗಿಸಿದರು. ೨೦೧೦ರಲ್ಲಿ ಅವನದೆಂದು ಹೇಳುವ ಒಂದು ಖಾನೆಪೆಟ್ಟಿಗೆ ಲಂಡನ್ನಿನ ಹರಾಜಿನಲ್ಲಿ ೩೭ ಲಕ್ಷ ಪೌಂಡಿಗೂ ಮೇಲಕ್ಕೆ ಹೋಯಿತು.

ಇಷ್ಟು ಹೊತ್ತು ಮರವನ್ನು ಹೊಗಳಿದೆನಲ್ಲ, ಅದನ್ನು ಕಡಿದವರು ಯಾರು? ಜಮೈಕಾದಲ್ಲಿ, ಹೊಂಡುರಾಸ್ ಕೊಲ್ಲಿಯ ಕರೆಯಲ್ಲಿ, ಆಫ್ರಿಕದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ಮಹಾಗನಿ ಗುಂಪುಗುಂಪಾಗಿ ಬೆಳೆಯುವ ಮರವಲ್ಲ. ದಟ್ಟ ಕಾಡಿನಲ್ಲಿ ಇಲ್ಲೊಂದು ಅಲ್ಲೊಂದು. ಗುಂಪಿನಲ್ಲಿ ಅನುಭವಸ್ಥನಾದ ಒಬ್ಬನಿಗೆ ಅದನ್ನು ಹುಡುಕುವ ಕೆಲಸ. ಆಗಸ್ಟಿನ ಹೊತ್ತಿಗೆ ಅದರ ಎಲೆಗೆ ಕೆಂಪುಮಿಶ್ರವಾದ ಹಳದಿ ಬರುತ್ತದೆ. ಅವನು ಎತ್ತರದ ಮರವೊಂದನ್ನು ಹತ್ತಿ, ಹಸಿರು ಕಡಲಿನ ಮೇಲೆ ಆ ಬಣ್ಣ ಎಲ್ಲಿದೆಯೆಂದು ನೋಡಿ, ದಿಕ್ಕು ಗುರುತಿಟ್ಟುಕೊಂಡು ಇಳಿದು, ಕಾಡಿನಲ್ಲಿ ನೇರವಾಗಿ ಆ ಮರದ ಬುಡಕ್ಕೆ ಹೋಗುತ್ತಿದ್ದ. ಅಟ್ಟಣೆ ಕಟ್ಟಿ ಮರ ಕೆಡವಿ, ಪಂಜಿನ ಬೆಳಕಿನಲ್ಲಿ ಎತ್ತುಗಳಿಂದ ನದಿಗೆಳೆಸಿ, ಮಳೆಗಾಲದ ಪ್ರವಾಹದಲ್ಲಿ ತೇಲಿಬಿಡುವುದು. ರಾತ್ರಿ ಎಳೆಯುವುದೇಕೆಂದರೆ ಹಗಲಿನ ಬಿಸಿಲಿಗೆ ಎತ್ತುಗಳು ತಾಳವು. ಎತ್ತುಗಳ ದಣಿವನ್ನು ಕುರಿತು ಬರೆದಿಟ್ಟವರು ಉಂಟು. ಆ ಹುಡುಕಾಟದ ವಿದ್ಯೆಗೂ ಕಣ್ಣಿಗೂ ಹೆಸರಿಲ್ಲ. ಆ ಹೊಂಡುರಾಸ್ ಕರೆಯೇ ಇಂದಿನ ಬೆಲೀಜ್ ದೇಶ. ಅದರ ಲಾಂಛನದಲ್ಲಿ ಮಹಾಗನಿಯ ಮರವೂ ಅದರ ಮುಂದೆ ನಿಂತ ಜನರೂ ಇದ್ದಾರೆ.

ಚಿಪ್ಪೆಂಡೇಲನ ಬದುಕಿನ ಅತಿ ದೊಡ್ಡ ಕೆಲಸ ಯಾರ್ಕ್‌ಷೈರಿನ ಹೇರ್‌ವುಡ್ ಹೌಸಿನದು. ಅದನ್ನು ಕಟ್ಟಿಸಿದ ಎಡ್ವಿನ್ ಲಾಸೆಲ್ಸ್ ಹುಟ್ಟಿದ್ದು ಬಾರ್ಬಡೋಸಿನಲ್ಲಿ. ಮನೆತನದ ಹಣ ಸಕ್ಕರೆಯದು, ಗುಲಾಮರ ವ್ಯಾಪಾರದ್ದು. ಅಲ್ಲಿಗೆ ೧೭೭೩ರಲ್ಲಿ ಚಿಪ್ಪೆಂಡೇಲ್ ಕಳಿಸಿದ, ಡಯಾನ ಮತ್ತು ಮಿನರ್ವ ದೇವತೆಗಳನ್ನು ದಂತದಲ್ಲೂ ಬಣ್ಣಬಣ್ಣದ ಮರದಲ್ಲೂ ಕೂಡಿಸಿದ ಖಾನೆಪೆಟ್ಟಿಗೆ ಇಂಗ್ಲಿಷ್ ಕುಶಲಕಲೆಯ ತುತ್ತತುದಿ ಎನ್ನುತ್ತಾರೆ. ೧೮೩೦ರ ದಶಕದಲ್ಲಿ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ನಿಂತಾಗ ಆ ಮನೆತನಕ್ಕೆ ತನ್ನ ಸಾವಿರದ ಇನ್ನೂರಕ್ಕೂ ಮೇಲ್ಪಟ್ಟ ಗುಲಾಮರ ನಷ್ಟಪರಿಹಾರವೆಂದು ಸರ್ಕಾರದಿಂದ ೨೬ ಸಾವಿರ ಪೌಂಡಿಗೂ ಮಿಗಿಲಾಗಿ ದೊರೆಯಿತು. ಗುಲಾಮರಿಗೆ ಚಿಕ್ಕಾಸೂ ಇಲ್ಲ. ಇದನ್ನು ಓದಿದ ಮೇಲೂ ಆ ಕೆಲಸದ ಚೆಲುವು ನನ್ನ ಕಣ್ಣಿಗೆ ಕಡಮೆಯಾಗಲಿಲ್ಲ. ಕಡಮೆಯಾಗಿದ್ದರೆ ಚೆನ್ನಾಗಿತ್ತು, ಲೆಕ್ಕ ಸುಲಭವಾಗುತ್ತಿತ್ತು. ನೋಡುವಾಗ ಈಗ ಎರಡೂ ಕಾಣುತ್ತವೆ, ಅಷ್ಟೆ. ಮರವೂ ಸೋತಿತು: ಇಂದು ಮಹಾಗನಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಒಪ್ಪಂದದ ಕಟ್ಟುಪಾಡಿದೆ. ನಮ್ಮ ದೇಶಕ್ಕೆ ಅದು ೧೭೯೫ರಲ್ಲಿಯೇ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಬೆಂಗಳೂರಿನ ಬೀದಿಗಳಲ್ಲಿ ನೆರಳು ಕೊಡುತ್ತ ನಿಂತಿದೆ. ಕಾಯಿ ಒಡೆದಾಗ ರೆಕ್ಕೆಯ ಬೀಜಗಳು ಬುಗುರಿಯಂತೆ ತಿರುಗುತ್ತ ಬಸ್ಸಿಗೆ ಕಾಯುವವರ ತಲೆಯ ಮೇಲೆ ಬೀಳುತ್ತವೆ.

ಇಷ್ಟೆಲ್ಲ ಓದುವ ಉಸಾಬರಿ ಕನ್ನಡ ಮೇಷ್ಟರಿಗೆ ಏಕೆ ಬಂತೆಂದು ನೀವು ಕೇಳಬಹುದು. ಕಾರಣ ನಮ್ಮ ಮನೆಯ ಒಂದು ಕುರ್ಚಿ. ತಾತನವರು ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಗುಮಾಸ್ತರಾಗಿದ್ದರು. ೧೯೪೭ರಲ್ಲಿ ದೊರೆಗಳು ಗಂಟುಮೂಟೆ ಕಟ್ಟುವಾಗ ಬಂಗಲೆಯೊಂದರ ಹರಾಜಿನಲ್ಲಿ ಅದನ್ನು ಹನ್ನೊಂದು ರೂಪಾಯಿಗೆ ಕೊಂಡುತಂದರಂತೆ. ಬಾಗುಗಾಲು, ಕೊರೆದ ಬೆನ್ನು, ಗುಂಡು ಹಿಡಿದ ಪಂಜ. ತಾತ ಇರುವವರೆಗೂ ಅದರ ಮೇಲೆ ಬೇರೆ ಯಾರೂ ಕೂರಲಿಲ್ಲ. ಅವರು ಹೋದ ಮೇಲೂ ಅಜ್ಜಿ ಕೂರಲಿಲ್ಲ. ದಿನವೂ ಒರೆಸುವವರು ಮಾತ್ರ ಅವರೇ. "ಒಂದು ಸಲ ಕೂತ್ಕೊಳ್ಳಿ ಅಜ್ಜಿ" ಎಂದರೆ, "ನೆಲ ಎಲ್ಲಿಗೆ ಹೋಗಿದ್ಯೋ ಮಗು?" ಎನ್ನುವರು. ಅದರ ಕಾಲು ಅಲ್ಲಾಡತೊಡಗಿ ಬಹಳ ದಿನವಾಗಿತ್ತು. ಅಪಾರ್ಟ್‌ಮೆಂಟಿನಲ್ಲಿ ಇಡಲು ಜಾಗವಿಲ್ಲ, ಮಾರಿಬಿಡೋಣ ಎಂದು ತಮ್ಮ. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಬಂದು ನೋಡಿ, "ಅಸಲಿ ಚಿಪ್ಪೆಂಡೇಲ್ ಸಾರ್, ಲಂಡನ್ ಮಾಲು" ಎಂದು ಹೇಳಿ, ಆ ಮಾತಿಗೆ ಸ್ವಲ್ಪವೂ ಹೊಂದದ ಒಂದು ಬೆಲೆಯನ್ನು ಹೇಳಿದರು. ಪಂಜವನ್ನು ನೋಡಿ ನಾನು ಸುಮ್ಮನಿದ್ದೆ.

ಮಾರುವ ಮೊದಲು ಕಾಲು ಭದ್ರ ಮಾಡಿಸೋಣವೆಂದು ನಮ್ಮ ಬೀದಿಯ ಆಚಾರ್ರನ್ನು ಕರೆಸಿದೆ. ಅವರು ಕೂರುವ ಹಲಗೆಯನ್ನು ತೆಗೆದು, ಕುರ್ಚಿಯನ್ನು ಮಗುಚಿ ಹಾಕಿ, ಪಾಲಿಷ್ ಇಲ್ಲದ ಒಳಮೈಯನ್ನು ಉಳಿಯ ತುದಿಯಿಂದ ಚೂರೇ ಕೆರೆದು ಮೂಸಿ ನೋಡಿದರು.

"ಬೀಟೆ, ಮೇಷ್ಟ್ರೇ. ನಮ್ ಕಾಡಿಂದು."

ಮಹಾಗನಿ ಇರಬಹುದಲ್ಲ ಎಂದು ತಮ್ಮ ಬಾಯಿ ಹಾಕಿದ. ಆಚಾರ್ರು ಉತ್ತರ ಹೇಳುವ ಗೋಜಿಗೇ ಹೋಗಲಿಲ್ಲ. ಹದಿನೆಂಟನೆಯ ಶತಮಾನದಲ್ಲಿಯೇ ವಿಶಾಖಪಟ್ಟಣದ ಕುಶಲಕರ್ಮಿಗಳು ಇಂಗ್ಲಿಷ್ ಮಾದರಿಯ ಮೇಜು ಕುರ್ಚಿಗಳನ್ನು ದಂತ ಹೊದಿಸಿ ಮಾಡಿಕೊಡುತ್ತಿದ್ದರು. ೧೮೦೯ರಲ್ಲಿ ಬೆಂಗಳೂರಿನಲ್ಲಿ ದಂಡು ಇಳಿದ ಮೇಲೆ ಇಲ್ಲಿಯೂ ಅಂಥ ಕೆಲಸ ನಡೆದಿರಬೇಕು. ಚಿತ್ರವನ್ನು ತೋರಿಸಿ ಇಂಥದೇ ಬೇಕೆಂದು ಯಾವ ದೊರೆಸಾನಿ ಹೇಳಿದಳೋ, ಎದುರಿಗಿಟ್ಟಿದ್ದ ಹಳೆಯ ಕುರ್ಚಿಯನ್ನು ನೋಡಿಯೇ ಮಾಡಿದನೋ. ಉಗುರಿನ ಮೇಲಿನ ಗೆಣ್ಣುಗಳನ್ನು ಮಾತ್ರ ನಮ್ಮ ಗುಡಿಗಳ ಯಾಳಿಯ ಪಾದದ ಹಾಗೆ ತಿದ್ದಿದ್ದಾನೆ. ಇದನ್ನು ಗಮನಿಸಿದವರೂ ಆಚಾರ್ರೇ.

ಇಂಗ್ಲೆಂಡಿನಲ್ಲಿ ಒಂದು ಜೊತೆಯ ಕುರ್ಚಿಗಳನ್ನು ಒಟ್ಟಿಗೆ ಮಾಡುವಾಗ ಬಿಡಿಭಾಗಗಳು ಕಲೆಯದಿರಲೆಂದು ಚೌಕಟ್ಟಿನ ಒಳಮೈಯಲ್ಲಿ ಉಳಿಯಿಂದ ರೋಮನ್ ಅಂಕೆ ಕೊರೆಯುವ ಪದ್ಧತಿಯುಂಟು. ಅದನ್ನು ನೆನೆದು, "ಒಳಗಡೆ ಎಲ್ಲಾದರೂ ಗುರುತು ಇದೆಯೇ ನೋಡಿ ಆಚಾರ್ರೇ" ಎಂದೆ. ಅವರು ಒದ್ದೆ ಬಟ್ಟೆಯಲ್ಲಿ ದೂಳನ್ನು ಒರೆಸಿ, ಮೊಬೈಲಿನ ದೀಪ ಹಿಡಿದರು. ಮುಂದಿನ ಅಡ್ಡಪಟ್ಟಿಯ ಒಳಗೆ ನಾಲ್ಕೇ ಏಟಿನಲ್ಲಿ ಕೊರೆದ ಕನ್ನಡದ ಅಂಕೆ: ೬.

"ಇನ್ನೂ ಐದು ಇರ್ಬೇಕಲ್ಲ ಹಂಗಾರೆ" ಎಂದು ಆಚಾರ್ರು ನನ್ನ ಮುಖ ನೋಡಿದರು. ಕಾಲಿಗೆ ಹೊಸ ಬೆಣೆ ಹೊಡೆದು, ಅಂಟು ಹಾಕಿ, ಹಗ್ಗದಿಂದ ಬಿಗಿದು, ಎರಡು ದಿನ ಯಾರೂ ಕೂರಬಾರದೆಂದು ಹೇಳಿ ಹೋದರು. ತಮ್ಮ ವ್ಯಾಪಾರಿಗೆ ಫೋನು ಮಾಡಿ, ಸದ್ಯಕ್ಕೆ ಬರುವುದು ಬೇಡ ಎಂದ.